ನಿಶ್ಚಿತಾರ್ಥದ ಉಂಗುರಕ್ಕೆ ವಜ್ರ: ಬೆರಳಿನ ಅಳತೆಯಿಂದ ಬಿಲ್ಲಿನ ಕೊನೆಯ ಸಾಲಿನವರೆಗೆ

ನಮ್ಮ ಮನೆಗಳಲ್ಲಿ ವಜ್ರ ಅಂದರೆ ಮೊದಲು ಓಲೆ, ಆಮೇಲೆ ಮೂಗುತಿ. ಏಳು ಕಲ್ಲಿನ ಓಲೆಯಲ್ಲಿ ಹರಳುಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದು ಸ್ವಲ್ಪ ಮಂಕಾಗಿದ್ದರೂ ಪಕ್ಕದ್ದು ಅದರ ಮಾನ ಕಾಯುತ್ತದೆ. ಮೇಲಾಗಿ ಓಲೆಯನ್ನು ನೋಡುವವರು ಎದುರಿಗೆ ಕೂತವರು. ಉಂಗುರದ ಒಂಟಿ ಹರಳಿಗೆ ಈ ಎರಡು ಅನುಕೂಲವೂ ಇಲ್ಲ. ಅದನ್ನು ತೊಟ್ಟವರೇ ದಿನಕ್ಕೆ ನೂರು ಸಲ, ಒಂದಡಿ ದೂರದಿಂದ ನೋಡುತ್ತಾರೆ. ಹಾಗಾಗಿ ಓಲೆ ಕೊಳ್ಳುವಾಗ ಕೇಳುವ ಪ್ರಶ್ನೆಗಳು ಇಲ್ಲಿ ಸಾಲುವುದಿಲ್ಲ.

ಅಂಗಡಿಯಲ್ಲಿ ಮಾತು ಬೇಗ ಅಕ್ಷರಗಳಿಗೆ ಹೋಗುತ್ತದೆ: ‘ಇದು ಇಎಫ್, ವಿವಿಎಸ್ ಸರ್’. ಬಣ್ಣ ಮತ್ತು ಸ್ವಚ್ಛತೆಯ (ಒಳಗೆ ಚುಕ್ಕೆ, ಬಿರುಕು ಎಷ್ಟು ಕಡಿಮೆ ಎಂಬುದರ) ಈ ದರ್ಜೆಗಳು ಸುಳ್ಳಲ್ಲ. ಆದರೆ ಒಂದು ಮಟ್ಟ ದಾಟಿದ ಮೇಲೆ ಅವು ಅಳೆಯುವುದು ಅಪರೂಪವನ್ನು, ಅಂದವನ್ನಲ್ಲ. ಬರಿಗಣ್ಣಿಗೆ ಕಾಣುವ ಮಿಂಚು ಬರುವುದು ಸಾಣೆಯಿಂದ, ಅಂದರೆ ಹರಳನ್ನು ಕೆತ್ತಿದ ರೀತಿಯಿಂದ. ಅಂಗಡಿಯವರು ಅದನ್ನೇ ‘ಕಟ್’ ಎನ್ನುತ್ತಾರೆ. ಹಣ ಅಲ್ಲಿಗೆ ಹೋಗಲಿ, ಅಕ್ಷರಗಳಲ್ಲಿ ಒಂದೆರಡು ಮೆಟ್ಟಿಲು ಇಳಿದರೂ ಪರವಾಗಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ನಿಲುವಿನ ಮೇಲೆ ನಿಂತಿವೆ.

1. ದಿನ, ಬೆರಳು, ಬಜೆಟ್

ಮುಹೂರ್ತಕ್ಕೆ ಆರು ವಾರ ಮೊದಲು ಶುರುಮಾಡಿ. ಬಿಡಿ ಹರಳು ಎಷ್ಟೋ ಸಲ ಮುಂಬೈ ಅಥವಾ ಸೂರತ್‌ನಿಂದ ಬರಬೇಕು, ಆಮೇಲೆ ಉಂಗುರ ಮಾಡಿಸಬೇಕು, ಹಾಲ್‌ಮಾರ್ಕ್ ಆಗಬೇಕು, ಕೊನೆಗೆ ಅಳತೆ ಸರಿಪಡಿಸಲು ನಾಲ್ಕು ದಿನ ಕೈಯಲ್ಲಿರಬೇಕು. ಹದಿನೈದು ದಿನ ಉಳಿದಾಗ ಅಂಗಡಿಗೆ ಹೋದರೆ ಟ್ರೇನಲ್ಲಿ ಇದ್ದದ್ದನ್ನೇ ಒಪ್ಪಿಕೊಳ್ಳಬೇಕಾಗುತ್ತದೆ.

ಬೆರಳಿನ ಅಳತೆಯ ಲೆಕ್ಕ ಸುಲಭ. ಉಂಗುರದ ಒಳಸುತ್ತಳತೆ ಮಿಲಿಮೀಟರಿನಲ್ಲಿ ಎಷ್ಟೋ, ಅದರಿಂದ 40 ಕಳೆದರೆ ನಮ್ಮ ದೇಶದ ಸೈಜ್ ಬರುತ್ತದೆ. ಬೆರಳಿಗೆ ಸರಿಯಾಗಿ ಕೂರುವ ಹಳೆಯ ಉಂಗುರದ ಒಳವ್ಯಾಸ 16.5 ಮಿ.ಮೀ. ಇದ್ದರೆ, 16.5 ಗುಣಿಸು 3.14, ಅಂದರೆ ಸುಮಾರು 52. ಸೈಜ್ 12. ಅಮೆರಿಕದ ಲೆಕ್ಕದಲ್ಲಿ ಇದೇ 6. ದಾರ ಸುತ್ತಿ ಅಳೆಯಬೇಡಿ, ದಾರ ಹಿಗ್ಗುತ್ತದೆ. ತೆಳು ಕಾಗದದ ಪಟ್ಟಿ ವಾಸಿ, ಅಂಗಡಿಯ ಉಂಗುರದ ಗೊಂಚಲು ಇನ್ನೂ ವಾಸಿ. ಬೆಳಗಿನ ಚಳಿಯಲ್ಲಿ ಬೆರಳು ಸಣ್ಣಗಿರುತ್ತದೆ, ಸಂಜೆಗೆ ಊದುತ್ತದೆ. ಎರಡು ಹೊತ್ತೂ ಅಳೆದು ಸಂಜೆಯ ಅಳತೆಗೆ ಒಲಿಯಿರಿ. ಗೆಣ್ಣು ದಪ್ಪ ಇದ್ದು ಬುಡ ಸಣ್ಣಗಿದ್ದರೆ ಗೆಣ್ಣು ದಾಟುವಷ್ಟು ಅಳತೆ ಬೇಕು. ಆಗ ಉಂಗುರ ಬುಡದಲ್ಲಿ ತಿರುಗಿ ಹರಳು ಪಕ್ಕಕ್ಕೆ ವಾಲುತ್ತದೆ. ಒಳಗೆ ಎರಡು ಸಣ್ಣ ಚಿನ್ನದ ಗುಂಡು ಬೆಸೆದರೆ ಅದು ನಿಲ್ಲುತ್ತದೆ.

ಬಜೆಟ್ ಹಾಕುವಾಗ ಹರಳು, ಚಿನ್ನ, ಮಜೂರಿ, ತೆರಿಗೆ ಎಂದು ಬೇರೆಬೇರೆ ಬರೆದುಕೊಳ್ಳಿ. ಇಷ್ಟು ತಿಂಗಳ ಸಂಬಳ ಹಾಕಬೇಕು ಎಂಬ ಮಾತು ಡಿ ಬಿಯರ್ಸ್ ಎಂಬ ವಜ್ರದ ಕಂಪನಿಯ ಜಾಹೀರಾತಿನಿಂದ ಬಂದದ್ದು. ಅದನ್ನು ಶಾಸ್ತ್ರ ಮಾಡಿಕೊಳ್ಳಬೇಕಿಲ್ಲ.

2. ಗಣಿಯದ್ದೋ, ಲ್ಯಾಬಿನದ್ದೋ

ಇದನ್ನು ಅಂಗಡಿಗೆ ಹೋಗುವ ಮೊದಲೇ, ಎರಡೂ ಮನೆಯವರು ಕೂತು ತೀರ್ಮಾನಿಸಿ. ಲ್ಯಾಬಿನಲ್ಲಿ ಬೆಳೆಸಿದ ವಜ್ರ ನಕಲಿ ಅಲ್ಲ. ಅದೂ ಇಂಗಾಲವೇ, ಅದೇ ಗಡಸು, ಅದೇ ಹೊಳಪು. ಬೆಳೆಸುವ ದಾರಿ ಎರಡು: ಅತಿ ಒತ್ತಡ ಮತ್ತು ಶಾಖದ ಎಚ್‌ಪಿಎಚ್‌ಟಿ, ಅನಿಲದಿಂದ ಪದರ ಪದರವಾಗಿ ಕೂಡಿಸುವ ಸಿವಿಡಿ. ಬರಿಗಣ್ಣಿಗಾಗಲಿ ಲೂಪಿಗಾಗಲಿ (ಹರಳು ನೋಡುವ ಸಣ್ಣ ಭೂತಗನ್ನಡಿ) ಗಣಿಯ ಹರಳಿನಿಂದ ಬೇರೆ ಎಂದು ಗೊತ್ತಾಗುವುದಿಲ್ಲ, ಅದಕ್ಕೆ ಲ್ಯಾಬಿನ ಉಪಕರಣವೇ ಬೇಕು.

ವ್ಯತ್ಯಾಸ ಇರುವುದು ಬೆಲೆಯಲ್ಲಿ. ಲ್ಯಾಬ್ ಹರಳು ಗಣಿಯ ಹರಳಿನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ, ಆ ಬೆಲೆಯೂ ಕೆಲವು ವರ್ಷಗಳಿಂದ ಇಳಿಯುತ್ತಲೇ ಇದೆ. ನಾಳೆ ಮಾರಲು ಹೋದರೆ ಬಹುಮಟ್ಟಿಗೆ ಚಿನ್ನದ ಹಣವಷ್ಟೇ ವಾಪಸ್. ಗಣಿಯ ವಜ್ರವನ್ನೂ ಹೂಡಿಕೆ ಎಂದು ಕೊಳ್ಳುವುದು ತಪ್ಪೇ, ಆದರೆ ಅದಕ್ಕೆ ಬದಲಿ ಬೆಲೆಯಾದರೂ ಇರುತ್ತದೆ. ‘ಕಷ್ಟಕಾಲಕ್ಕಾದೀತು’ ಎಂಬ ಲೆಕ್ಕ ಹಿರಿಯರ ತಲೆಯಲ್ಲಿದ್ದರೆ ಅವರಿಗೆ ಈ ವಿಷಯ ಮುಚ್ಚಿಡಬೇಡಿ.

ಲ್ಯಾಬ್ ಹರಳನ್ನೇ ಆರಿಸಿದರೆ ದರ್ಜೆಯಲ್ಲಿ ಜುಗ್ಗತನ ಬೇಡ. ಡಿಯಿಂದ ಎಫ್‌ವರೆಗಿನ ಬಣ್ಣ, ವಿಎಸ್1 ಅಥವಾ ಮೇಲಿನ ಸ್ವಚ್ಛತೆ ಕೇಳಿ, ಬೆಲೆ ಹೆಚ್ಚೇನೂ ಏರುವುದಿಲ್ಲ. ಸಿವಿಡಿಯಲ್ಲಿ ಕಂದು ಛಾಯೆ, ಎಚ್‌ಪಿಎಚ್‌ಟಿಯಲ್ಲಿ ನೀಲಿ ಛಾಯೆ ಇದೆಯೇ ಎಂದು ಬಿಳಿ ಕಾಗದದ ಮೇಲಿಟ್ಟು ನೋಡಿ. 2025ರಲ್ಲಿ, ವಜ್ರಗಳನ್ನು ಪರೀಕ್ಷಿಸಿ ದರ್ಜೆ ಹಾಕುವ ಅಮೆರಿಕದ ಜಿಐಎ ಸಂಸ್ಥೆ ಲ್ಯಾಬ್ ವಜ್ರಗಳಿಗೆ ಅಕ್ಷರ ದರ್ಜೆ ಕೊಡುವುದನ್ನು ಬಿಟ್ಟು ‘ಪ್ರೀಮಿಯಂ’, ‘ಸ್ಟ್ಯಾಂಡರ್ಡ್’ ಎಂಬ ಎರಡೇ ವರ್ಗಕ್ಕೆ ಬಂದಿದೆ. ಅಕ್ಷರ ದರ್ಜೆ ಬೇಕೆಂದರೆ ಇಂಥದ್ದೇ ಇನ್ನೊಂದು ಸಂಸ್ಥೆಯಾದ ಐಜಿಐಯ ಸರ್ಟಿಫಿಕೇಟ್ ನೋಡಬೇಕು.

ಗಣಿಯ ಹರಳು ಕೊಳ್ಳುವವರು ಒಂದು ಮಾತು ಮರೆಯುತ್ತಾರೆ. ನಡುವಿನ ಹರಳಿಗೆ ಸರ್ಟಿಫಿಕೇಟ್ ಇರುತ್ತದೆ, ಸುತ್ತಲಿನ ಸಣ್ಣ ಹರಳುಗಳಿಗೆ ಇರುವುದಿಲ್ಲ. ಬೆರಕೆ ಆಗುವುದು ಅಲ್ಲೇ. ಪಕ್ಕದ ಹರಳುಗಳೂ ನೈಸರ್ಗಿಕ ಎಂದು ಬಿಲ್ಲಿನಲ್ಲಿ ಬರೆಸಿ.

3. ಕ್ಯಾರಟ್ ತೂಕ ಕೇಳುವ ಮೊದಲು ಅಗಲ ಕೇಳಿ

ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೇ ಒಂದು ಪಾಲು ಒಂದು ಸೆಂಟ್. ಚಿನ್ನದ ‘18 ಕ್ಯಾರಟ್’ಗೂ ಇದಕ್ಕೂ ಸಂಬಂಧವಿಲ್ಲ, ಅದು ಶುದ್ಧತೆಯ ಅಳತೆ. ಕ್ಯಾರಟ್ ತೂಕವೇ ಹೊರತು ಗಾತ್ರವಲ್ಲ. ಬೆರಳಿನ ಮೇಲೆ ಕಾಣುವುದು ಮಿಲಿಮೀಟರ್. ಚೆನ್ನಾಗಿ ಸಾಣೆ ಹಿಡಿದ ದುಂಡು ಹರಳು 30 ಸೆಂಟಿಗೆ ಸುಮಾರು 4.3 ಮಿ.ಮೀ., 50 ಸೆಂಟಿಗೆ 5.1, 70ಕ್ಕೆ 5.7, ಒಂದು ಕ್ಯಾರಟ್‌ಗೆ 6.4ರಿಂದ 6.5 ಮಿ.ಮೀ. ಅಗಲ ಇರುತ್ತದೆ. ತೂಕ ಎರಡರಷ್ಟಾದರೂ ಅಗಲ ಕಾಲು ಭಾಗದಷ್ಟೇ ಹೆಚ್ಚುತ್ತದೆ.

ಬೆಲೆ ಮಾತ್ರ ಹಾಗೆ ನಿಧಾನ ಏರುವುದಿಲ್ಲ. ದರ ಕಟ್ಟುವುದೇ ಕ್ಯಾರಟ್‌ಗೆ ಇಷ್ಟು ಎಂದು, ಆ ದರವೂ 50, 70, 90, 100 ಸೆಂಟಿನ ಗಡಿ ದಾಟಿದಾಗ ಜಿಗಿಯುತ್ತದೆ. 47 ಸೆಂಟಿನ ಹರಳಿಗೂ 50ರದ್ದಕ್ಕೂ ಅಗಲದಲ್ಲಿ ಕೂದಲೆಳೆಯ ವ್ಯತ್ಯಾಸ, ಬೆಲೆಯಲ್ಲಿ ಎದ್ದು ಕಾಣುವ ವ್ಯತ್ಯಾಸ. ಹಾಗಾಗಿ 46–49, 66–69, 92–98 ಸೆಂಟಿನ ಹರಳು ಸಿಕ್ಕರೆ ಬಿಡಬೇಡಿ. ಇವು ಕಡಿಮೆ ಸಿಗುತ್ತವೆ, ಏಕೆಂದರೆ ಸಾಣೆ ಹಿಡಿಯುವವರೂ ಅದೇ ಗಡಿ ಮುಟ್ಟಿಸಲು ಒಡಲು ದಪ್ಪ ಉಳಿಸುತ್ತಾರೆ. ಅದರ ಕಥೆ ಮುಂದಿನ ಹೆಜ್ಜೆಯಲ್ಲಿದೆ.

ಆಕಾರ ನಿಮ್ಮಿಷ್ಟ. ದುಂಡಕ್ಕೆ ಬೆಲೆ ಹೆಚ್ಚು, ಏಕೆಂದರೆ ಅದನ್ನು ಕೆತ್ತುವಾಗ ಕಚ್ಚಾ ಕಲ್ಲಿನ ಅರ್ಧಕ್ಕಿಂತ ಹೆಚ್ಚು ಪುಡಿಯಾಗಿ ಹೋಗುತ್ತದೆ. ಮೊಟ್ಟೆಯಾಕಾರದ ಓವಲ್ ಅದೇ ತೂಕಕ್ಕೆ ದೊಡ್ಡದಾಗಿ ಕಾಣುತ್ತದೆ, ಬೆರಳೂ ನೀಳ ಕಾಣುತ್ತದೆ. ಉದ್ದ ಅಗಲದ 1.35ರಿಂದ 1.5ರಷ್ಟಿದ್ದರೆ ಚೆಂದ. ಓವಲ್, ಹನಿಯಂಥ ಪೇರ್, ದೋಣಿಯಂಥ ಮಾರ್ಕ್ವಿಸ್ ಆಕಾರಗಳಲ್ಲಿ ನಡುವೆ ಅಡ್ಡಲಾಗಿ ಚಿಟ್ಟೆಯ ರೆಕ್ಕೆಯಂಥ ಕಪ್ಪು ನೆರಳು ಬೀಳುತ್ತದೆ. ಹರಳನ್ನು ಅತ್ತಿತ್ತ ಆಡಿಸಿದಾಗ ಅದು ಮಿನುಗಿ ಮಾಯವಾದರೆ ಸರಿ, ಕಪ್ಪಾಗಿಯೇ ನಿಂತರೆ ಬಿಟ್ಟುಬಿಡಿ. ಆಯತಾಕಾರದ ಎಮರಾಲ್ಡ್ ಕಟ್ ಮೆಟ್ಟಿಲು ಮೆಟ್ಟಿಲಾಗಿರುವ ಕಿಟಕಿಯಂತೆ. ಒಳಗಿನ ಚುಕ್ಕೆ, ಬಣ್ಣ ಯಾವುದನ್ನೂ ಅದು ಮುಚ್ಚುವುದಿಲ್ಲ, ಅದಕ್ಕೆ ವಿಎಸ್1 ಕೆಳಗೆ ಇಳಿಯಬೇಡಿ.

4. ಸಾಣೆ: ಇಲ್ಲಿ ರಾಜಿ ಬೇಡ

ದುಂಡು ಹರಳಿಗೆ 57 ಅಥವಾ 58 ಮುಖ. ಮೇಲಿನ ಚಪ್ಪಟೆ ಮುಖ ಟೇಬಲ್, ಅದರ ಸುತ್ತಲಿನ ಇಳಿಜಾರು ಕ್ರೌನ್, ನಡುವಿನ ಸೊಂಟ ಗರ್ಡಲ್, ಕೆಳಗಿನ ಶಂಕು ಪೆವಿಲಿಯನ್. ಮೇಲಿನಿಂದ ಬಂದ ಬೆಳಕು ಪೆವಿಲಿಯನ್‌ನ ಒಂದು ಗೋಡೆಗೆ ಬಡಿದು, ಎದುರು ಗೋಡೆಗೆ ಹೋಗಿ, ತಿರುಗಿ ಮೇಲಕ್ಕೇ ಬರಬೇಕು. ಗೋಡೆಯ ಓರೆ ಒಂದು ಡಿಗ್ರಿ ತಪ್ಪಿದರೂ ಬೆಳಕು ತಳದಿಂದ ಸೋರಿಹೋಗುತ್ತದೆ. ಆ ಜಾಗ ಕಣ್ಣಿಗೆ ಬೂದು ಅಥವಾ ಕಪ್ಪು. ಪೆವಿಲಿಯನ್ ತೀರಾ ಆಳವಾದರೆ ಹರಳಿನ ನಡು ಮೊಳೆಯ ತಲೆಯಂತೆ ಕಪ್ಪಗಾಗುತ್ತದೆ. ತೀರಾ ಚಪ್ಪಟೆಯಾದರೆ ಟೇಬಲ್ಲಿನೊಳಗೆ ಸೊಂಟದ ಬಿಂಬ ಬಿದ್ದು ಮೀನಿನ ಕಣ್ಣಿನಂತೆ ಬಿಳಿ ಬಳೆ ಕಾಣುತ್ತದೆ.

1919ರಲ್ಲಿ ಮಾರ್ಸೆಲ್ ಟೊಲ್ಕೋವ್‌ಸ್ಕಿ ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿದಾಗ ಬಂದ ಅಂಕಿಗಳು: ಟೇಬಲ್ ಹರಳಿನ ಅಗಲದ 53%, ಕ್ರೌನ್ ಕೋನ 34.5 ಡಿಗ್ರಿ, ಪೆವಿಲಿಯನ್ 40.75. ಇವತ್ತಿಗೂ ಒಳ್ಳೆಯ ಹರಳುಗಳು ಇದರ ಆಸುಪಾಸಿನಲ್ಲೇ ಇವೆ. ನೀವು ಕೇಳಬೇಕಾದ್ದು ಇಷ್ಟು:

– ಟೇಬಲ್ 54ರಿಂದ 58%
– ಒಟ್ಟು ಆಳ 60ರಿಂದ 62.5%
– ಕ್ರೌನ್ ಕೋನ 34ರಿಂದ 35
– ಪೆವಿಲಿಯನ್ ಕೋನ 40.6ರಿಂದ 41
– ಗರ್ಡಲ್ ‘ಥಿನ್’ನಿಂದ ‘ಸ್ಲೈಟ್ಲಿ ಥಿಕ್’ ಒಳಗೆ, ತಳದ ತುದಿಯ ಚಪ್ಪಟೆ ಮುಖ ಕ್ಯೂಲೆಟ್ ‘ನನ್’ (ಇಲ್ಲ)

ಎರಡು ಕೋನಗಳನ್ನು ಜೋಡಿಯಾಗಿ ಓದಿ. ಕ್ರೌನ್ ಸ್ವಲ್ಪ ಎತ್ತರವಾದರೆ ಪೆವಿಲಿಯನ್ ಸ್ವಲ್ಪ ಚಪ್ಪಟೆ ಇರಬೇಕು. ಎರಡೂ ಮೇಲಕ್ಕೇ ಹೋದರೆ, ಉದಾಹರಣೆಗೆ 36ಕ್ಕೆ 41.4, ಟೇಬಲ್ಲಿನ ಅಂಚಿನ ಕೆಳಗೆ ಮಂಕು ಉಂಗುರವೊಂದು ಕೂತುಬಿಡುತ್ತದೆ.

ಸರ್ಟಿಫಿಕೇಟಿನಲ್ಲಿ ಕಟ್, ಪಾಲಿಶ್, ಸಿಮೆಟ್ರಿ ಮೂರಕ್ಕೂ ‘ಎಕ್ಸಲೆಂಟ್’ ಇದ್ದರೆ ಅಂಗಡಿಯವರು ಟ್ರಿಪಲ್ ಎಕ್ಸಲೆಂಟ್ ಎನ್ನುತ್ತಾರೆ. ಅದು ಬೇಕೇ ಬೇಕು, ಅದರಿಂದಲೇ ಕೆಲಸ ಮುಗಿಯಿತು ಎಂದಲ್ಲ. ಜಿಐಎ 2006ರಿಂದ ದುಂಡು ಹರಳಿಗೆ ಕಟ್ ದರ್ಜೆ ಕೊಡುತ್ತಿದೆ, ಆದರೆ ಅದರ ಎಕ್ಸಲೆಂಟ್ ಬೇಲಿ ಅಗಲವಾದದ್ದು. ಪೆವಿಲಿಯನ್ 41.8ರವರೆಗೂ, ಕ್ರೌನ್ 36.5ರವರೆಗೂ, ಟೇಬಲ್ 62%ವರೆಗೂ ಅದರೊಳಗೆ ಬರಬಹುದು. ಆಳವನ್ನು ಅಂಚಿಗೆ ತಳ್ಳಿ ತೂಕ ಉಳಿಸಿಕೊಂಡ ಹರಳುಗಳೂ ಅದೇ ಪದವಿ ಹೊತ್ತು ಬರುತ್ತವೆ. ದುಂಡಲ್ಲದ ಆಕಾರಗಳಿಗೆ ಜಿಐಎ ಕಟ್ ದರ್ಜೆಯನ್ನೇ ಕೊಡುವುದಿಲ್ಲ, ಅಲ್ಲಿ ನಿಮ್ಮ ಕಣ್ಣೇ ಗತಿ.

ಒಂದು ಸರ್ಟಿಫಿಕೇಟನ್ನು ಹತ್ತಿರದಿಂದ ಓದೋಣ. ತೂಕ 0.71, ಅಳತೆ 5.72–5.75 × 3.54 ಮಿ.ಮೀ. ಮೊದಲ ಎರಡು ಅಂಕಿ ಅತಿ ಕಡಿಮೆ ಮತ್ತು ಅತಿ ಹೆಚ್ಚು ಅಗಲ. ಅವುಗಳ ನಡುವೆ 0.03 ವ್ಯತ್ಯಾಸ, ಹರಳು ಸರಿಯಾಗಿ ದುಂಡಗಿದೆ. ಸರಾಸರಿ ಅಗಲ 5.735. ಎತ್ತರ 3.54ನ್ನು ಅದರಿಂದ ಭಾಗಿಸಿದರೆ ಆಳ 61.7%. ಈಗ ಅಗಲ ಗುಣಿಸು ಅಗಲ ಗುಣಿಸು ಎತ್ತರ ಗುಣಿಸು 0.0061 ಮಾಡಿ: 0.71 ಬರುತ್ತದೆ. ಅಂದರೆ ತೂಕವೆಲ್ಲ ಇರಬೇಕಾದ ಕಡೆಯೇ ಇದೆ. ಇದೇ 0.71 ತೂಕದ ಇನ್ನೊಂದು ಹರಳಿನ ಅಗಲ 5.60 ಎಂದಿದ್ದರೆ, ಹೆಚ್ಚಿನ ತೂಕ ಆಳದಲ್ಲೋ ದಪ್ಪ ಸೊಂಟದಲ್ಲೋ ಬಚ್ಚಿಟ್ಟುಕೊಂಡಿದೆ. ಬೆರಳಿನ ಮೇಲೆ ಅದು 66 ಸೆಂಟಿನ ಹರಳು, ಬೆಲೆ ಕೊಡುವುದು ಮಾತ್ರ 70ರ ಗಡಿ ದಾಟಿದ ದರದಲ್ಲಿ. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಅಂಗಡಿಯಲ್ಲೇ ಈ ಲೆಕ್ಕ ಹಾಕಿ, ಯಾರೂ ತಪ್ಪು ತಿಳಿಯುವುದಿಲ್ಲ. ತಿಳಿದರೂ ತಿಳಿಯಲಿ.

5. ಬಣ್ಣ, ಚಿನ್ನದ ಬಣ್ಣದ ಜೊತೆಗೆ

ಬಣ್ಣದ ದರ್ಜೆ ಡಿಯಿಂದ ಶುರುವಾಗಿ ಝೆಡ್‌ವರೆಗೆ ಹೋಗುತ್ತದೆ. ಡಿ, ಇ, ಎಫ್ ಬಣ್ಣವಿಲ್ಲದ್ದು, ಜಿಯಿಂದ ಜೆವರೆಗೆ ಬಹುತೇಕ ಬಣ್ಣವಿಲ್ಲದ್ದು, ಕೆ ಇಂದ ಕೆಳಗೆ ಹಳದಿ ಛಾಯೆ. ದರ್ಜೆ ಹಾಕುವವರು ಹರಳನ್ನು ಮಗುಚಿ ಹಾಕಿ, ಪಕ್ಕದಲ್ಲಿ ಮಾದರಿ ಹರಳಿಟ್ಟು ನೋಡುತ್ತಾರೆ. ಬೆರಳಿನ ಮೇಲೆ ಅದು ಮುಖ ಮೇಲೆ ಮಾಡಿ ಒಂಟಿಯಾಗಿರುತ್ತದೆ. ಜಿ ಮತ್ತು ಡಿ ನಡುವಿನ ವ್ಯತ್ಯಾಸ ಅಲ್ಲಿ ಹೇಳಲು ನುರಿತವರೂ ತಡವರಿಸುತ್ತಾರೆ.

ಹಳದಿ ಚಿನ್ನದ ಉಂಗುರಕ್ಕೆ ಎಚ್, ಐ ಧಾರಾಳ ಸಾಕು, ಜೆ ಕೂಡ ನಡೆಯುತ್ತದೆ. ಹರಳಿನ ತುಸು ಹಳದಿ ಚಿನ್ನದ ಹಳದಿಯಲ್ಲಿ ಕರಗುತ್ತದೆ. ಡಿ ಬಣ್ಣದ ಹರಳನ್ನು ಹಳದಿ ಚಿನ್ನದಲ್ಲಿ ಕೂರಿಸುವುದು ಖರ್ಚು ಮಾಡಿ ಖರ್ಚನ್ನು ಮುಚ್ಚಿಟ್ಟ ಹಾಗೆ. ಪ್ಲಾಟಿನಂ, ಬಿಳಿ ಚಿನ್ನಕ್ಕಾದರೆ ಜಿ ಅಥವಾ ಎಚ್. ಓವಲ್, ಪೇರ್ ಆಕಾರಗಳ ತುದಿಯಲ್ಲಿ ಬಣ್ಣ ಗುಡ್ಡೆಯಾಗುತ್ತದೆ, ಒಂದು ದರ್ಜೆ ಮೇಲಕ್ಕೆ ಹೋಗಿ.

ಫ್ಲೋರೊಸೆನ್ಸ್ ಬಗ್ಗೆ ಎರಡು ಮಾತು. ಕೆಲವು ವಜ್ರಗಳು ಅತಿನೇರಳೆ ಬೆಳಕಿಗೆ ನೀಲಿಯಾಗಿ ಬೆಳಗುತ್ತವೆ. ಒಂದು ಕಾಲಕ್ಕೆ ಇದೇ ದೊಡ್ಡ ಹೆಮ್ಮೆ. ಹಳಬರು ‘ಬ್ಲೂ ಜಾಗರ್’ ಎಂದು ಕೇಳಿ ಕೊಳ್ಳುತ್ತಿದ್ದ ಹರಳಿನ ಹೆಸರು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯಿಂದ ಬಂದದ್ದು. ಈಗ ಅದೇ ಗುಣಕ್ಕೆ ಬೆಲೆ ಕಡಿಮೆ, ‘ಸ್ಟ್ರಾಂಗ್’ ಇದ್ದ ಕೆಲವು ಹರಳು ಮಂಜು ಕವಿದಂತೆ ಕಾಣುವುದರಿಂದ. ಐ, ಜೆ ಬಣ್ಣಕ್ಕೆ ‘ಫೇಂಟ್’ ಅಥವಾ ‘ಮೀಡಿಯಂ’ ನೀಲಿ ಇದ್ದರೆ ಹಗಲಲ್ಲಿ ಇನ್ನೂ ಬೆಳ್ಳಗೆ ಕಂಡೀತು, ಬೆಲೆಯೂ ಇಳಿದೀತು. ‘ಸ್ಟ್ರಾಂಗ್’ ಎಂದಿದ್ದರೆ ಬಿಸಿಲಿಗೆ ಒಯ್ದು ನೋಡದೆ ಕೊಳ್ಳಬೇಡಿ.

6. ಸ್ವಚ್ಛತೆ: ದರ್ಜೆಗಿಂತ ಚುಕ್ಕೆ ಎಲ್ಲಿದೆ ಎಂಬುದು ಮುಖ್ಯ

ಹಳೆಯ ರತ್ನಶಾಸ್ತ್ರ ವಜ್ರಕ್ಕೆ ಮಲ, ಬಿಂದು, ಯವ, ರೇಖೆ, ಕಾಕಪದ ಎಂದು ದೋಷಗಳನ್ನು ಹೇಳುತ್ತದೆ. ‘ಕಪ್ಪು ಚುಕ್ಕೆ ಇರಬಾರದು’ ಎಂದು ಮನೆಯಲ್ಲಿ ಹಿರಿಯರು ಪಟ್ಟು ಹಿಡಿಯುವುದರ ಬೇರು ಅಲ್ಲಿದೆ. ಇಂದಿನ ದರ್ಜೆ ಎಫ್‌ಎಲ್‌ನಿಂದ ಶುರುವಾಗಿ ಐಎಫ್, ವಿವಿಎಸ್, ವಿಎಸ್, ಎಸ್‌ಐ ದಾಟಿ ಐ3ರವರೆಗೆ 11 ಮೆಟ್ಟಿಲು, ಮೊದಲನೆಯದು ಅತಿ ಸ್ವಚ್ಛ, ಎಲ್ಲವೂ ಹತ್ತು ಪಟ್ಟು ಹಿಗ್ಗಿಸುವ ಲೂಪಿನಲ್ಲಿ ನೋಡಿ ಹಾಕಿದ್ದು. ದುಂಡು ಹರಳಿನಲ್ಲಿ ವಿಎಸ್2ರವರೆಗೆ ಬರಿಗಣ್ಣಿಗೆ ಏನೂ ಕಾಣದು ಎಂದೇ ಇಟ್ಟುಕೊಳ್ಳಿ. ಎಸ್‌ಐ1ರಲ್ಲಿ ಕೂಡ, ಹುಡುಕಿದರೆ, ಬರಿಗಣ್ಣಿಗೆ ಚುಕ್ಕೆ ಕಾಣದ ಹರಳುಗಳು ಬೇಕಾದಷ್ಟು ಸಿಗುತ್ತವೆ. ವಿವಿಎಸ್‌ಗೆ ಕೊಡುವ ಹೆಚ್ಚಿನ ಹಣದಲ್ಲಿ ಎಷ್ಟೋ ಸಲ ಹತ್ತು ಸೆಂಟ್ ದೊಡ್ಡ ಹರಳು ಬರುತ್ತದೆ. ಕಪ್ಪು ಚುಕ್ಕೆಯ ಚಿಂತೆ ಇರುವ ಮನೆಗೆ ವಿಎಸ್1 ಕೊಂಡು, ಲೂಪಿನಲ್ಲಿ ಅವರಿಗೇ ತೋರಿಸಿದರೆ ಮಾತು ಮುಗಿಯುತ್ತದೆ.

ದೂರ ಇಡಬೇಕಾದವು: ಟೇಬಲ್ಲಿನ ನಡುವೆ ಕಪ್ಪು ಹರಳುಕಣ, ಗರ್ಡಲ್ ಮುಟ್ಟಿದ ಗರಿಯಂಥ ಬಿರುಕು, ಮೇಲ್ಮೈಗೆ ತೆರೆದ ಕುಳಿ. ವಜ್ರ ಗಡಸು, ನಿಜ. ಆದರೆ ಅದಕ್ಕೆ ನಾಲ್ಕು ದಿಕ್ಕಿನಲ್ಲಿ ಸೀಳುವ ಗುಣವಿದೆ. ಅಂಚಿನ ಬಿರುಕಿಗೆ ಬಾಗಿಲು ಬಡಿದರೆ ಚೂರು ಹಾರುತ್ತದೆ.

ಇನ್ನೊಂದು ಗುಟ್ಟು ಮಾರುಕಟ್ಟೆಯವರಿಗೆ ಗೊತ್ತು, ಗಿರಾಕಿಗೆ ಹೇಳುವುದು ಕಡಿಮೆ. ಹರಳು ಹಾಲುಹಾಲಾಗಿದೆಯೇ, ಕಂದು ಅಥವಾ ಹಸಿರು ಛಾಯೆ ಇದೆಯೇ ಎಂಬುದನ್ನು ಸರ್ಟಿಫಿಕೇಟ್ ನೇರವಾಗಿ ಹೇಳುವುದಿಲ್ಲ. ಸೂರತ್, ಮುಂಬೈ ವ್ಯಾಪಾರಿಗಳು ತಮ್ಮತಮ್ಮಲ್ಲಿ ‘ನೋ ಬಿಜಿಎಂ’ (ಬ್ರೌನ್, ಗ್ರೀನ್, ಮಿಲ್ಕಿ ಬೇಡ) ಎಂದು ಕೇಳಿಯೇ ಕೊಳ್ಳುತ್ತಾರೆ. ನೀವೂ ಅದೇ ಪದ ಬಳಸಿ ಕೇಳಿ, ಉತ್ತರದ ಧಾಟಿ ಬದಲಾಗುತ್ತದೆ. ಸರ್ಟಿಫಿಕೇಟಿನ ಷರಾದಲ್ಲಿ ಸ್ವಚ್ಛತೆಯ ದರ್ಜೆಗೆ ‘ಕ್ಲೌಡ್’ಗಳೇ (ಮೋಡದಂತೆ ಗುಂಪಾದ ಸಣ್ಣ ಚುಕ್ಕೆಗಳು) ಕಾರಣ ಎಂದು ಬರೆದಿದ್ದು ದರ್ಜೆ ಎಸ್‌ಐ ಆಗಿದ್ದರೆ, ಆ ಹರಳು ಮಂಕಾಗಿರುವ ಸಂಭವ ಹೆಚ್ಚು.

7. ಸರ್ಟಿಫಿಕೇಟ್ ಮತ್ತು ಹರಳು ಒಂದೇ ಎಂದು ಖಾತ್ರಿ

ಗಣಿಯ ಹರಳಿಗೆ ಜಿಐಎ ಮೊದಲು, ಐಜಿಐ ಆಮೇಲೆ. ಅಂಗಡಿಯದ್ದೇ ಸರ್ಟಿಫಿಕೇಟ್ ಆದರೆ ಅದು ಮಾರುವವನು ತನಗೆ ತಾನೇ ಕೊಟ್ಟುಕೊಂಡ ಅಂಕಪಟ್ಟಿ. ಹರಳು ಬಿಡಿಯಾಗಿದ್ದಾಗಲೇ ದರ್ಜೆ ಆಗಿರಬೇಕು. ಉಂಗುರದಲ್ಲಿ ಕೂತ ಮೇಲೆ ಮಾಡಿದ ಪರೀಕ್ಷೆಯಲ್ಲಿ ತೂಕ, ಬಣ್ಣ ಎರಡೂ ಅಂದಾಜು.

ಗರ್ಡಲ್ ಮೇಲೆ ಲೇಸರಿನಲ್ಲಿ ಕೊರೆದ ರಿಪೋರ್ಟ್ ಸಂಖ್ಯೆಯನ್ನು ಲೂಪಿನಲ್ಲಿ ನೀವೇ ಓದಿ. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಹರಳನ್ನು ಒಂದು ಇಂಚಿಗೆ ತಂದು, ಎರಡೂ ಕೈಗಳನ್ನು ಒಂದಕ್ಕೊಂದು ಆನಿಸಿ. ಮೊದಲ ಸಲ ಎರಡು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಆ ಸಂಖ್ಯೆಯನ್ನು ಸಂಸ್ಥೆಯ ವೆಬ್‌ಸೈಟಿನಲ್ಲಿ ನಿಮ್ಮ ಮೊಬೈಲಿನಿಂದಲೇ ಹಾಕಿ ನೋಡಿ. ಹರಳು ಕೂರಿಸಿ ಬಂದ ಮೇಲೆ ಇನ್ನೊಮ್ಮೆ ಓದಿ. ಹರಳು ಹಿಡಿಯುವ ಲೋಹದ ಕಾಲು, ಅಂದರೆ ಪ್ರಾಂಗಿನ ಕೆಳಗೆ ಸಂಖ್ಯೆ ಮುಚ್ಚಿಹೋಗದಂತೆ ಕೂರಿಸಲು ಮೊದಲೇ ಹೇಳಿ.

ಕೈಯಲ್ಲಿ ಹಿಡಿಯುವ ಡೈಮಂಡ್ ಟೆಸ್ಟರ್ ‘ಬೀಪ್’ ಎಂದರೆ ನಂಬಿಬಿಡಬೇಡಿ. ಅದು ಶಾಖ ಹರಿಯುವುದನ್ನು ಮಾತ್ರ ನೋಡುವ ಉಪಕರಣವಾದರೆ ವಜ್ರದಂತೆ ಕಾಣುವ ಬೇರೆ ಹರಳಾದ ಮೊಯ್ಸನೈಟ್‌ಗೂ ಬೀಪ್ ಎನ್ನುತ್ತದೆ. ಮೊಯ್ಸನೈಟನ್ನು ಲೂಪಿನಲ್ಲಿ ಓರೆಯಾಗಿ ನೋಡಿದರೆ ಹಿಂದಿನ ಮುಖಗಳ ಗೆರೆ ಜೋಡಿಯಾಗಿ ಕಾಣುತ್ತದೆ.

8. ಅಂಗಡಿಯ ದೀಪದಿಂದ ಆಚೆಗೆ

ಆಭರಣದಂಗಡಿಯ ಚಾವಣಿಯ ಚುಕ್ಕಿ ದೀಪಗಳ ಕೆಳಗೆ ಗಾಜಿನ ಚೂರೂ ಮಿಂಚುತ್ತದೆ. ಮೂರು ಕಡೆ ನೋಡಿ. ಮೊದಲು ಕೌಂಟರಿನ ಕೆಳಗಿನ ನೆರಳಲ್ಲಿ: ಒಳ್ಳೆಯ ಸಾಣೆಯ ಹರಳು ಅಲ್ಲೂ ಬೆಳಕನ್ನು ಹೆಕ್ಕಿ ತರುತ್ತದೆ. ಆಮೇಲೆ ಕಿಟಕಿಯ ಪಕ್ಕ, ನೇರ ಬಿಸಿಲಿಲ್ಲದ ಕಡೆ. ಕೊನೆಗೆ ಸಾದಾ ಟ್ಯೂಬ್‌ಲೈಟಿನ ಕೆಳಗೆ, ಮನೆಯಲ್ಲಿ ಅದು ಹೆಚ್ಚಾಗಿ ಇರುವುದು ಅಲ್ಲೇ. ಬಣ್ಣ ನೋಡಲು ಬಿಳಿ ವಿಸಿಟಿಂಗ್ ಕಾರ್ಡಿನ ಖಾಲಿ ಬದಿಯನ್ನು ವಿ ಆಕಾರಕ್ಕೆ ಮಡಚಿ, ಹರಳನ್ನು ಆ ಮಡಿಕೆಯಲ್ಲಿ ಮಗುಚಿಟ್ಟು ಪಕ್ಕದಿಂದ ನೋಡಿ. ಬೆರಳಿನ ಜಿಡ್ಡು ತಾಗಿದ ಹರಳು ಮಂಕಾಗಿಯೇ ಕಾಣುವುದರಿಂದ ಒರೆಸಲು ಹೇಳಿ.

ವಜ್ರ ಆಗಿಬರುತ್ತದೋ ಇಲ್ಲವೋ ಎಂದು ಕೆಲವು ದಿನ ಮನೆಯಲ್ಲಿಟ್ಟು ನೋಡುವ ರೂಢಿ ಹಲವು ಮನೆಗಳಲ್ಲಿದೆ. ನಂಬಿಕೆ ಇರಲಿ ಬಿಡಲಿ, ಆ ದಿನಗಳು ಉಪಯೋಗಕ್ಕೆ ಬರುತ್ತವೆ: ಅಡುಗೆಮನೆಯ ದೀಪದಲ್ಲಿ, ಮೋಡದ ಹಗಲಲ್ಲಿ ನೋಡಬಹುದು. ವಾಪಸ್ ತೆಗೆದುಕೊಳ್ಳುವ ಷರತ್ತು ಮಾತ್ರ ಬರವಣಿಗೆಯಲ್ಲಿರಲಿ.

9. ಹರಳು ಕೂರಿಸುವುದು

22 ಕ್ಯಾರಟ್ ಚಿನ್ನ ಮೆತ್ತಗೆ, ಹರಳು ಹಿಡಿಯುವ ಕಾಲು ಸವೆಯುತ್ತದೆ, ಬಾಗುತ್ತದೆ. ವಜ್ರಕ್ಕೆ 18 ಅಥವಾ 14 ಕ್ಯಾರಟ್ ಸರಿ. ನಾಲ್ಕು ಪ್ರಾಂಗಿನಲ್ಲಿ ಹರಳು ಹೆಚ್ಚು ಕಾಣುತ್ತದೆ, ಆರರಲ್ಲಿ ಭದ್ರ: ಒಂದು ಹೋದರೂ ಉಳಿದವು ಹಿಡಿದಿರುತ್ತವೆ. ದಿನವೂ ಕೈಗೆಲಸ ಮಾಡುವವರಿಗೆ, ಚಿಕ್ಕ ಮಕ್ಕಳಿರುವವರಿಗೆ, ಆಸ್ಪತ್ರೆಯಲ್ಲಿ ಗ್ಲೌಸ್ ಹಾಕುವವರಿಗೆ ಸುತ್ತಲೂ ಚಿನ್ನದ ಅಂಚು ಕಟ್ಟುವ ಬೆಜೆಲ್ ಒಳ್ಳೆಯದು. ಚೂಪು ಮೂಲೆಯ ಚೌಕಾಕಾರದ ಪ್ರಿನ್ಸೆಸ್, ಪೇರ್ ಹರಳಿನ ಮೂಲೆಗೆ ವಿ ಆಕಾರದ ಪ್ರಾಂಗೇ ಬೇಕು. ಬಿಳಿ ಚಿನ್ನದ ಮೇಲಿನ ರೋಡಿಯಂ ಲೇಪ ಸವೆದು ಒಂದೆರಡು ವರ್ಷಕ್ಕೆ ಹಳದಿ ಇಣುಕುತ್ತದೆ. ಮರುಲೇಪಕ್ಕೆ ಎಷ್ಟು ಎಂದು ಈಗಲೇ ಕೇಳಿ.

ಉಂಗುರ ಕೈಗೆ ಬಂದಾಗ ಪ್ರಾಂಗುಗಳ ಮೇಲೆ ಹಳೆಯ ಕಾಲ್ಚೀಲವನ್ನೋ ರೇಷ್ಮೆ ದಾರವನ್ನೋ ಎಳೆಯಿರಿ. ಸಿಕ್ಕಿಕೊಂಡರೆ ತುದಿ ಸರಿಯಾಗಿ ಒತ್ತಿಲ್ಲ. ಧಾರೆಯ ದಿನ ಸೀರೆಯ ಜರಿ ಅದನ್ನೇ ಎತ್ತುತ್ತದೆ.

10. ಬಿಲ್

ಇಲ್ಲಿ ಆಗುವ ತಪ್ಪು ಒಂದೇ, ಅದು ಮತ್ತೆ ಮತ್ತೆ ಆಗುತ್ತದೆ: ಹರಳಿನ ತೂಕವೂ ಸೇರಿದ ಒಟ್ಟು ತೂಕಕ್ಕೆ ಚಿನ್ನದ ದರ ಹಾಕುವುದು. ಉಂಗುರದ ಒಟ್ಟು ತೂಕ 3.600 ಗ್ರಾಂ, ಹರಳು 50 ಸೆಂಟ್ ಎಂದುಕೊಳ್ಳಿ. 50 ಸೆಂಟ್ ಅಂದರೆ 0.100 ಗ್ರಾಂ. ಚಿನ್ನ 3.500 ಗ್ರಾಂ ಮಾತ್ರ. ಲೆಕ್ಕ ಸುಲಭವಾಗಲೆಂದು 18 ಕ್ಯಾರಟ್ ಗ್ರಾಂಗೆ ₹10,000, ಮಜೂರಿ 15%, ಹರಳಿಗೆ ₹1,00,000 ಎಂದಿಟ್ಟರೆ ಹೀಗಾಗುತ್ತದೆ: ಚಿನ್ನ ₹35,000, ಮಜೂರಿ ₹5,250, ಹರಳು ₹1,00,000, ಒಟ್ಟು ₹1,40,250. ಅದರ ಮೇಲೆ ಜಿಎಸ್‌ಟಿ 3%, ₹4,207.50. ಕೊಡಬೇಕಾದ್ದು ₹1,44,457.50. ಮಜೂರಿಯ ಜೊತೆಗೆ ‘ವೇಸ್ಟೇಜ್’ ಎಂದು ಇನ್ನೊಂದು ಸಾಲು ಬಂದರೆ ಎರಡರಲ್ಲಿ ಒಂದನ್ನು ತೆಗೆಸಿ. 18 ಕ್ಯಾರಟ್ ಉಂಗುರಕ್ಕೆ 22 ಕ್ಯಾರಟ್ ದರ ಹಾಕಿಲ್ಲ ಎಂದೂ ನೋಡಿ.

‘ವಜ್ರದ ಮೇಲೆ ಶೇ. 20 ರಿಯಾಯಿತಿ’ ಎಂಬ ಫಲಕಕ್ಕೆ ಅರ್ಥವಿರುವುದು ಮೂಲ ಬೆಲೆ ಗೊತ್ತಿದ್ದರೆ. ಅದೇ ತೂಕ, ಬಣ್ಣ, ಸ್ವಚ್ಛತೆ, ಕಟ್, ಅದೇ ಲ್ಯಾಬಿನ ಹರಳಿಗೆ ರಿಯಾಯಿತಿ ಕಳೆದ ಮೇಲೆ ಕ್ಯಾರಟ್‌ಗೆ ಎಷ್ಟಾಯಿತು ಎಂದು ಮೂರು ಕಡೆ ಕೇಳಿ. ಒಂದು ದೊಡ್ಡ ಶೋರೂಂ, ಬೆಂಗಳೂರಿನ ಚಿಕ್ಕಪೇಟೆ–ನಗರ್ತಪೇಟೆಯಂಥ ಕಡೆ ಮನೆಗೆ ಗುರುತಿರುವ ಒಬ್ಬ ವ್ಯಾಪಾರಿ, ಒಂದು ಆನ್‌ಲೈನ್ ಬೆಲೆ ಸಾಕು.

ಬಿಲ್ಲಿನಲ್ಲಿ ಇರಬೇಕಾದವು: ಒಟ್ಟು ತೂಕ, ನಿವ್ವಳ ಚಿನ್ನದ ತೂಕ, ಪ್ರತಿ ಹರಳಿನ ಕ್ಯಾರಟ್, ಸರ್ಟಿಫಿಕೇಟ್ ಸಂಖ್ಯೆ, ‘ನೈಸರ್ಗಿಕ’ ಅಥವಾ ‘ಲ್ಯಾಬ್ ಗ್ರೋನ್’ ಎಂಬ ಪದ. ಉಂಗುರದ ಒಳಗೆ ಬಿಐಎಸ್ (ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಗುರುತು, 18 ಕ್ಯಾರಟ್ ಆದರೆ 750, 14 ಆದರೆ 585, ಜೊತೆಗೆ ಪ್ರತಿ ಒಡವೆಗೂ ಬೇರೆಯಾಗಿರುವ ಆರು ಅಕ್ಷರ–ಅಂಕಿಗಳ ಗುರುತು ಸಂಖ್ಯೆ ಎಚ್‌ಯುಐಡಿ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ವಿವರ ಬರುತ್ತದೆ. ಹಾಲ್‌ಮಾರ್ಕ್ ಚಿನ್ನದ ಮಾತಷ್ಟೇ ಹೇಳುತ್ತದೆ, ವಜ್ರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಖರೀದಿ ₹2 ಲಕ್ಷ ಮೀರಿದರೆ ಪ್ಯಾನ್ ಕೊಡಬೇಕು, ಅಷ್ಟು ನಗದು ತೆಗೆದುಕೊಳ್ಳುವಂತೆಯೂ ಇಲ್ಲ.

ವಾಪಸ್ ಕೊಳ್ಳುವುದು ಮತ್ತು ಬದಲಾಯಿಸಿಕೊಡುವುದು ಬೇರೆಬೇರೆ ದರ. ಯಾವುದಕ್ಕೆ ಶೇಕಡ ಎಷ್ಟು, ಲೆಕ್ಕ ಬಿಲ್ಲಿನ ಬೆಲೆಗೋ ಆ ದಿನದ ಬೆಲೆಗೋ, ಸರ್ಟಿಫಿಕೇಟ್ ಕಳೆದರೆ ಏನು ಎಂದು ಬರೆಸಿಕೊಳ್ಳಿ. ಮಜೂರಿ, ತೆರಿಗೆ ಯಾವತ್ತೂ ವಾಪಸ್ ಬರುವುದಿಲ್ಲ.

ತೊಟ್ಟ ಮೇಲೆ

ವಜ್ರಕ್ಕೆ ಜಿಡ್ಡು ಎಂದರೆ ಬಲು ಪ್ರೀತಿ. ಗಣಿಗಳಲ್ಲಿ ಜಲ್ಲಿಯಿಂದ ವಜ್ರ ಬೇರ್ಪಡಿಸಲು ಗ್ರೀಸ್ ಬಳಿದ ಮೇಜು ಬಳಸುತ್ತಿದ್ದದ್ದೇ ಅದಕ್ಕೆ. ತಲೆಗೆ ಹಚ್ಚುವ ಎಣ್ಣೆ, ಅರಿಶಿನ, ಹಿಟ್ಟು ಹರಳಿನ ತಳಕ್ಕೆ ಅಂಟಿ ಒಂದೇ ವಾರದಲ್ಲಿ ಮಿಂಚು ಇಳಿಯುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ, ಹದಿನೈದು ನಿಮಿಷ ನೆನೆಸಿ, ಮೆತ್ತನೆ ಟೂತ್‌ಬ್ರಷ್‌ನಿಂದ ಕೆಳಗಿನಿಂದ ಉಜ್ಜಿ. ಸಿಂಕಿನ ತೂತು ಮುಚ್ಚಿರಲಿ. ಬ್ಲೀಚ್ ಬೇಡ, ಚಿನ್ನದ ಬೆರಕೆ ಲೋಹವನ್ನು ಅದು ತಿನ್ನುತ್ತದೆ.

ತಿಂಗಳಿಗೊಮ್ಮೆ ಉಂಗುರವನ್ನು ಕಿವಿಯ ಪಕ್ಕ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಟಿಕ್ ಟಿಕ್ ಸದ್ದು ಬಂದರೆ ಹರಳು ಸಡಿಲವಾಗಿದೆ, ಅವತ್ತೇ ತೆಗೆದಿಟ್ಟು ಅಕ್ಕಸಾಲಿಗರ ಬಳಿ ಒಯ್ಯಿರಿ. ಒಯ್ಯುವ ಮೊದಲು ಗರ್ಡಲ್ ಮೇಲಿನ ಸಂಖ್ಯೆಯ ಫೋಟೋ ತೆಗೆದುಕೊಳ್ಳಿ, ವಾಪಸ್ ಪಡೆಯುವಾಗ ಅವರೆದುರಿಗೇ ಲೂಪಿನಲ್ಲಿ ಓದಿ ತಾಳೆ ನೋಡಿ.